ಅಪ್‌ಡೇಟ್: ಬೋಟ್‌ಗೆ 19 ಪಿಚ್ ಪ್ರೊಪೆಲ್ಲರ್ ತೆಗೆದು 17 ಪಿಚ್‌ದು ಹಾಕಿದೆ, ಈಗ ಎಳೀತಿದೆ

ಹಿಂದೆ ಕೇಳಿದ್ನಲ್ಲ, ಬೋಟ್‌ನಲ್ಲಿ ಐದು ಜನ ಕೂತು ಹಿಂದೆ ಒಬ್ಬರನ್ನ ಸ್ಕೀ ಮೇಲೆ ಎಳೆಯೋಕೆ ಹೋದ್ರೆ ಮೂತಿ ಮೇಲಕ್ಕೆ ಎತ್ಕೊಂಡು ಹಂಗೇ ಒದ್ದಾಡುತ್ತೆ, ಫುಲ್ ಥ್ರಾಟಲ್ ಕೊಟ್ರೂ 4800 ಆರ್‌ಪಿಎಂ ದಾಟಲ್ಲ ಅಂತ. ಇಂಜಿನ್ ಮ್ಯಾನ್ಯುಯಲ್‌ನಲ್ಲಿ ಇರೋದು 5000ದಿಂದ 6000. ನೀವೆಲ್ಲ ಹೇಳಿದ್ದೇ ಸರಿ, ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಹೋಗುತ್ತೆ ಅನ್ನೋ ಅಳತೆ) ಜಾಸ್ತಿ ಆಗಿತ್ತು. ಒಂದು ಇಂಚು ಇಳಿಸಿದ್ರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತೆ ಅನ್ನೋ ಲೆಕ್ಕ ಹಿಡ್ಕೊಂಡು 17 ಹಾಕಿದೆ, ಡಯಾಮೀಟರ್ ಬ್ಲೇಡ್ ಎರಡೂ ಮುಂಚಿನ ಹಾಗೇ, ಅದೇ ಜನ ಅಷ್ಟೇ ಪೆಟ್ರೋಲ್ ಇಟ್ಕೊಂಡು ಓಡಿಸಿದ್ರೆ 5200 ಬಂತು. ಹಗ್ಗ ಬಿಗಿಯಾದ ಮೂರ್ನಾಲ್ಕು ಸೆಕೆಂಡಲ್ಲೇ ಸ್ಕೀ ಮಾಡೋನು ಎದ್ದು ನಿಂತ! ಮುಂಚೆ ಪಾಪ ನೀರು ಕುಡಿದು ಕೈ ಸೋತು ಹಗ್ಗ ಬಿಟ್ಬಿಡ್ತಿದ್ದ, ನೋಡಿ ತುಂಬಾ ಖುಷಿಯಾಯ್ತು. ಟಾಪ್ ಸ್ಪೀಡ್ ಸ್ವಲ್ಪ ಕಮ್ಮಿ ಆಗಿದೆ, ಎಳೆಯೋ ಕೆಲಸಕ್ಕೆ ಅದು ಬೇಕಾಗೂ ಇಲ್ಲ. ಒಬ್ನೇ ಓಡಿಸಿದಾಗ 6000 ದಾಟಿಬಿಡುತ್ತಾ ಅಂತಾನೂ ನೋಡ್ದೆ, 5500 ಹತ್ರ ನಿಲ್ತು.

ಇನ್ನೊಂದು, ಹಳೇ ಪ್ರೊಪೆಲ್ಲರ್ ಬಿಚ್ಚಿದಾಗ ಅದರ ಹಿಂದೆ ಶಾಫ್ಟ್‌ಗೆ ಮೀನು ಹಿಡಿಯೋ ದಾರ ಸುತ್ಕೊಂಡು ಸೀಲ್ ಹತ್ರ ಹೋಗಿತ್ತು. ಸೀಲ್ ಹರಿದ್ರೆ ಗೇರ್ ಆಯಿಲ್‌ಗೆ ನೀರು ಸೇರುತ್ತೆ, ಹಾಗಾಗಿ ಬಿಚ್ಚಿದಾಗೆಲ್ಲ ಅಲ್ಲೊಂದು ಸಲ ನೋಡಿ, ಶಾಫ್ಟ್‌ಗೆ ಗ್ರೀಸ್ ಹಚ್ಚೇ ವಾಪಸ್ ಹಾಕಿ.