ತೈವಾನ್ ಸಿನಿಮಾ ನೋಡಿ ನಿದ್ದೆ ಬರಲಿಲ್ಲ, ನಿಮಗೂ ಹಾಗೇ ಆಯ್ತಾ?

ಪ್ರಶ್ನೆ, ವಿಜಯಪುರ: ನಿನ್ನೆ ರಾತ್ರಿ ‘ಯುವರ್ ನೇಮ್ ಎನ್‌ಗ್ರೇವ್ಡ್ ಹಿಯರಿನ್’ ನೋಡಿದೆ. 1987, ತೈವಾನ್‌ನಲ್ಲಿ ಮಿಲಿಟರಿ ಕಾನೂನು ಆಗಷ್ಟೇ ತೆಗೆದಿದ್ದಾರೆ, ಕ್ರೈಸ್ತ ಶಾಲೆಯ ಇಬ್ಬರು ಹುಡುಗರಿಗೆ ಪ್ರೀತಿ. ಕಾನೂನು ಹೋದರೂ ಇವರ ಭಯ ಯಾಕೆ ಹೋಗಲಿಲ್ಲ?

ಉತ್ತರ, ಬೆಳಗಾವಿ: ಸರ್ಕಾರ ಬದಲಾದ ದಿನವೇ ಮನೆ ಬದಲಾಗಲ್ಲ ಅಲ್ವಾ. ಅಲ್ಲಿ ಸಲಿಂಗ ಮದುವೆಗೆ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ, ಏಷ್ಯಾದಲ್ಲೇ ಮೊದಲು, ಆದರೆ ಅಷ್ಟರಲ್ಲಿ ಆ ತಲೆಮಾರಿನ ಹುಡುಗರ ಹರೆಯವೇ ಕಳೆದುಹೋಗಿತ್ತು. ಅದೇ ನನಗೆ ಜಾಸ್ತಿ ನೋವು.

ಉತ್ತರ, ಬಾಗಲಕೋಟೆ: 2018ರ ಸೆಪ್ಟೆಂಬರ್ 6ರಂದು ಟಿವಿಯಲ್ಲಿ 377ನೇ ಸೆಕ್ಷನ್ ತೀರ್ಪು ಬರುತ್ತಿತ್ತು, ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. ಬಿಸಿ ರೊಟ್ಟಿ ತಟ್ಟೆಗೆ ಹಾಕಿದಳು. ನಾನಿನ್ನೂ ಹೇಳಿಲ್ಲ.

ವಿಜಯಪುರ: ಅಣ್ಣಾ, ಅವ್ವನಿಗೆ ಆಗಲೇ ಗೊತ್ತಿದೆ ಅನಿಸುತ್ತೆ.