ಸಹಾಯ ಬೇಕು: ಅರ್ಮೇನಿಯಾದ ವಹಾಗ್ನ್ ಚಿತ್ರಕ್ಕೆ ಸರಿಯಾದ ಕೆಂಪು ಯಾವುದು?

ನಮಸ್ಕಾರ. ಅರ್ಮೇನಿಯಾದ ಹಳೆಯ ದೇವರು ವಹಾಗ್ನ್ ಹುಟ್ಟಿದ ಕಥೆಯನ್ನು ವಾಟರ್‌ಕಲರ್‌ನಲ್ಲಿ ಬಿಡಿಸುತ್ತಿದ್ದೇನೆ. ಆಕಾಶ, ಭೂಮಿ, ಕಡಲು ಮೂರಕ್ಕೂ ಹೆರಿಗೆ ನೋವು. ಕಡಲಿನ ಕೆಂಪು ಜೊಂಡಿನಿಂದ ಮೊದಲು ಹೊಗೆ, ಆಮೇಲೆ ಬೆಂಕಿ, ಆ ಬೆಂಕಿಯಿಂದ ಉರಿಗೂದಲಿನ ಹುಡುಗ ಓಡಿ ಬರುತ್ತಾನೆ. ಎಂಥ ಕಲ್ಪನೆ ಅಲ್ವಾ!

ತೊಂದರೆ ಕೆಂಪಿನದೇ. ಅಲ್ಲಿನ ಹಳೆಯ ಹಸ್ತಪ್ರತಿಗಳಿಗೆ 'ವೊರ್ದಾನ್ ಕರ್ಮಿರ್' ಬಳಸುತ್ತಿದ್ದರು. ಅರಾರತ್ ಬಯಲಿನ ಹುಲ್ಲುಬೇರಿನ ಹುಳುವಿನಿಂದ ತೆಗೆದ ಬಣ್ಣ ಅದು. ನನ್ನ ಟ್ಯೂಬಿನ ಕೆಂಪು ಜಾಸ್ತಿ ಕಿತ್ತಳೆ ಹೊಡೆಯುತ್ತದೆ. ಅದಕ್ಕೆ ಹತ್ತಿರದ, ಬಿಸಿಲಿಗೆ ಮಾಸದ ಬಣ್ಣ ಗೊತ್ತಿದ್ದರೆ ಹೇಳಿ.

ಅಂಚಿಗೆ ಖಚ್ಕಾರ್ ಶಿಲುಬೆಗಲ್ಲಿನ ಹೆಣಿಗೆ ಬೇಡ, ಅದು ಕ್ರೈಸ್ತ ಕಾಲದ್ದು. ಮೀನಿನ ಆಕಾರದ ವಿಶಾಪ್ ಕಲ್ಲುಗಳನ್ನು ನೋಡಿ ಬಿಡಿಸಬೇಕು. ಯೆರೆವಾನ್‌ನಲ್ಲಿ ಮೆಡಿಕಲ್ ಓದುವವರು ಗುಂಪಿನಲ್ಲಿದ್ದರೆ, ಅರಗಾತ್ಸ್ ಬೆಟ್ಟದ ಕಡೆ ಹೋದಾಗ ಹತ್ತಿರದಿಂದ ಫೋಟೊ ತೆಗೆದು ಕಳಿಸ್ತೀರಾ?