ಅಪ್‌ಡೇಟ್: ಮೊರಿನ್ ಖೂರ್ ಕೊನೆಗೂ ದನಿ ಬಿಟ್ಟಿತು

ಹತ್ತು ದಿನದ ಹಿಂದೆ ಕೇಳಿದ್ದೆ: ಕೈಯಾರೆ ಕೆತ್ತಿದ ಮಂಗೋಲಿಯಾದ ಕುದುರೆತಲೆ ವಾದ್ಯ ಮೊರಿನ್ ಖೂರ್, ಕಮಾನು ಎಳೆದರೆ ಬರೀ ಕರಕರ ಅನ್ನುತ್ತೆ, ಏನು ಮಾಡಲಿ ಅಂತ.

ಕಮಾನಿಗೆ ರಾಳ ಇನ್ನಷ್ಟು ಹಚ್ಚಿ ಅಂದ್ರಿ. ಹಚ್ಚಿದೆ, ಕರಕರ ಜಾಸ್ತಿಯೇ ಆಯ್ತು. ತಂತಿ ಕೂರುವ ಕುದುರೆಯನ್ನು (ವೀಣೆಯಲ್ಲೂ ನಾವು ಹಾಗೇ ಅನ್ನೋದು, ಎಷ್ಟು ಚೆನ್ನಾಗಿ ಹೊಂದುತ್ತೆ!) ತಗ್ಗಿಸಿದೆ, ವ್ಯತ್ಯಾಸವಿಲ್ಲ.

ಫಲ ಕೊಟ್ಟಿದ್ದು "ಕೂದಲು ಹೊಸೆದಿದ್ದೀರಾ?" ಅಂತ ಕೇಳಿದವರ ಮಾತು. ಹೌದು, ತಂತಿಗೆ ಬಳಸುವ ಕುದುರೆ ಬಾಲದ ಕೂದಲನ್ನು ಹಗ್ಗದ ಹಾಗೆ ಹೊಸೆದಿದ್ದೆ. ಅದೇ ತಪ್ಪು. ಬಾಲದ ಕೂದಲನ್ನು ಒದ್ದೆ ಮಾಡಿ, ಬಾಚಿ, ಎಳೆಗಳೆಲ್ಲ ಪಕ್ಕಪಕ್ಕ ನೇರವಾಗಿ ನಿಲ್ಲುವಂತೆ ತುದಿಗಳಲ್ಲಷ್ಟೇ ಗಂಟು ಹಾಕಿ ಬಿಗಿದೆ. ಸಂಪ್ರದಾಯದ ಲೆಕ್ಕ: ದಪ್ಪ ತಂತಿಗೆ ಗಂಡು ಕುದುರೆಯ 130 ಕೂದಲು, ತೆಳುವಿಗೆ ಹೆಣ್ಣು ಕುದುರೆಯ 105. ಎಣಿಸೋಕೇ ಒಂದು ಸಂಜೆ ಹೋಯ್ತು. ಮೂರು ದಿನ ಹಿಗ್ಗುತ್ತಲೇ ಇತ್ತು, ಆಮೇಲೆ ಶ್ರುತಿ ನಿಂತಿತು. ಆ ಮೊದಲ ತುಂಬು ಸ್ವರ ಕೇಳಿ ಕಣ್ಣು ತುಂಬಿತು. ಹೇಳಿದವರಿಗೆ ನಿಜಕ್ಕೂ ಋಣಿ.

ಗೊತ್ತಿಲ್ಲದ್ದೊಂದು ಕಲಿತೆ: ಪಿಟೀಲಿನಂತೆ ತಂತಿಯನ್ನು ಹಲಗೆಗೆ ಒತ್ತಬಾರದು, ಉಗುರನ್ನೋ ಬೆರಳ ತುದಿಯನ್ನೋ ಪಕ್ಕದಿಂದ ತಾಗಿಸಬೇಕು.

ವಾದ್ಯದ ಪೆಟ್ಟಿಗೆಯ ಮುಖಕ್ಕೆ ಚರ್ಮ ಹೊದಿಸುವ ಸಲಹೆ ಇನ್ನೂ ಮಾಡಿ ನೋಡಿಲ್ಲ. ಹಳೆಯ ವಾದ್ಯಗಳಿಗೆ ಅದೇ ಇತ್ತಂತೆ. ನನ್ನದು ಸದ್ಯಕ್ಕೆ ಮರದ್ದೇ.